ಅಪ್ಪನ ಗುಂಡಿಯ ಸುಣ್ಣ

ಪಡೇಗಾಂವ, ಛತ್ರಪತಿ ಸಂಭಾಜಿನಗರ
ಶುಕ್ರವಾರ, ೭ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮ ಶಿವಕಾಂತನಿಗೆ ನಿನ್ನ ಅಕ್ಕ ಜಯಮಾಲಾಳ ಆಶೀರ್ವಾದ.

ಮೊದಲು ನಿನ್ನ ಕೆಮ್ಮಿನ ಸುದ್ದಿ ಹೇಳು. ಬುಧವಾರ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು ಕೇಳಿಸಿತು. ಗೋಡೆಯ ಹಳೆಯ ಸಂದು ಕೆರೆಯುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಪೇಪರಿನಲ್ಲಿ ಬಂದ ಫೋಟೋ ನೋಡಿದರೆ ಬಟ್ಟೆ ಕೊರಳಲ್ಲಿದೆ, ಮುಖವೆಲ್ಲ ಬಯಲು. ಫೋಟೋದವರು ಬಂದಾಗಷ್ಟೇ ಇಳಿಸಿದ್ದೋ, ದಿನಾ ಹಾಗೆಯೋ, ನಿಜ ಹೇಳು. ನಾಶಿಕದ ಚಳಿ ಇನ್ನೂ ಇಳಿದಿಲ್ಲವಂತೆ. ಪಂಚವಟಿಯ ಆ ಕೋಣೆಯಲ್ಲಿ ಐದು ಜನ ಮಲಗುತ್ತೀರಿ, ಕಿಟಕಿ ಪಕ್ಕದ ಜಾಗ ಬೇರೆ ಯಾರಿಗಾದರೂ ಬಿಟ್ಟುಕೊಡು. ಅವ್ವನ ಮಂಡಿ ನೋವು ಇದ್ದ ಹಾಗೇ ಇದೆ, ಆದರೂ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಮೂರು ಮನೆ ತಿರುಗಿ ಬರುತ್ತಾಳೆ. ತಿರುಗುವುದು ಯಾಕೆ ಎಂದು ಮುಂದೆ ಹೇಳುತ್ತೇನೆ. ನಿನ್ನ ಮಾಮಾ, ಅಂದರೆ ನಮ್ಮ ಮನೆಯವರು, ಬಿಡಕಿನ್ ಕಾರ್ಖಾನೆಯಲ್ಲಿ ಈ ವಾರ ಮೊದಲ ಪಾಳಿ. ಮಗಳು ಮಾನ್ಯಾಗೆ ಪರೀಕ್ಷೆ ಹತ್ತಿರ ಬಂದಿದೆ, ಓದುವುದೊಂದು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದಾಳೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನ್ ಮಾಡಿದರೆ ಕೈಯೆಲ್ಲ ಗಾರೆ ಎಂದು ನೀನು ಸ್ಪೀಕರ್ ಹಾಕುತ್ತೀಯ. ಆ ಕಡೆ ನಿನ್ನ ಜೊತೆಯವರೆಲ್ಲ ಕೇಳುತ್ತಾರೆ, ಈ ಕಡೆ ಅವ್ವ ನನ್ನ ಭುಜಕ್ಕೆ ಕಿವಿ ಹಚ್ಚಿರುತ್ತಾಳೆ. ವಾಟ್ಸಾಪಿನಲ್ಲಿ ಬರೆಯೋಣ ಎಂದರೆ ಫೋನ್ ಸದಾ ಮಾನ್ಯಾಳ ಕೈಯಲ್ಲಿ. ಕನ್ನಡದಲ್ಲಿ ಬರೆದರೆ ಈ ಮನೆಯಲ್ಲಿ ಓದುವವರು ಯಾರೂ ಇಲ್ಲ. ಅವ್ವನಿಗೆ ಅಕ್ಷರ ಬರುವುದಿಲ್ಲ, ನಿನ್ನ ಮಾಮಾ ಮರಾಠಿ ಶಾಲೆ, ಮಾನ್ಯಾ ಅಂತೂ ನಾನು ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಉತ್ತರ ಕೊಡುವವಳು. ಅಪ್ಪ ನಮ್ಮಿಬ್ಬರನ್ನು ಕೂರಿಸಿಕೊಂಡು ಸಿಮೆಂಟ್ ಚೀಲದ ಕಾಗದದ ಮೇಲೆ ಇದ್ದಿಲಿನಿಂದ ಅಕ್ಷರ ತಿದ್ದಿಸಿದ್ದು ನೆನಪಿದೆಯಲ್ಲ? "ಸಿಮೆಂಟಿನ ಚೀಲ ಇದೊಂದು ಕೆಲಸಕ್ಕಾದ್ರೂ ಬರ್ತದ ನೋಡ್ರಿ" ಎಂದು ನಗುತ್ತಿದ್ದ. ಹುಮನಾಬಾದ್ ಕಡೆಯ ಚನಬಸಪ್ಪಣ್ಣ ಬಿಡಕಿನ್‌ನಿಂದ ಮಾಲು ತುಂಬಿಕೊಂಡು ನಾಳೆ ನಾಶಿಕಕ್ಕೆ ಟೆಂಪೋ ತರುತ್ತಾನೆ. ಅವನ ಕೈಯಲ್ಲಿ ಈ ಕಾಗದ, ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಕಟ್ಟು ಖಡಕ್ ರೊಟ್ಟಿ ಕೊಡುತ್ತೇನೆ. ಅವನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಅದಕ್ಕೇ ಲಕೋಟೆಗೆ ಎರಡೆರಡು ಸಲ ಗೋಂದು.

ಈಗ ಫೋಟೋ ವಿಷಯ. ಗಣರಾಜ್ಯೋತ್ಸವದ ದಿನದ ಮರಾಠಿ ಪೇಪರಿನಲ್ಲಿ ನೀನು ಸಾರುವೆಯ ಮೇಲೆ ನಿಂತು ಕೈಯಲ್ಲಿ ಅಪ್ಪನ ಗಾರೆ ಹಚ್ಚುವ ಕರಣಿ ಹಿಡಿದುಕೊಂಡು ಗೋದಾವರಿಯ ಕಡೆ ನೋಡುತ್ತಿದ್ದೀಯಲ್ಲ, ಅದನ್ನು ಅವ್ವ ಕತ್ತರಿಸಿ ದೇವರ ಮಾಡದ ಪಕ್ಕ, ಅಪ್ಪನ ಫೋಟೋದ ಕೆಳಗೆ ಅಂಟಿಸಿದ್ದಾಳೆ. ಇನ್ನೊಂದು ಪ್ರತಿ ಸೆರಗಿನ ಗಂಟಿನಲ್ಲಿದೆ. ಅದನ್ನು ತೋರಿಸಲಿಕ್ಕೇ ಮೂರು ಮನೆ ತಿರುಗುವುದು. "ನಮ್ಮ ಶಿವು ಪೇಪರಿನ್ಯಾಗ ಬಂದಾನ ನೋಡ್ರಿ" ಎಂದು ಈ ಓಣಿಯಲ್ಲಿ ಕೇಳದ ಕಿವಿ ಉಳಿದಿಲ್ಲ. ನೀನು ದ್ರಾಕ್ಷಿ ಪೆಟ್ಟಿಗೆ ಕಳಿಸಿದೆಯಲ್ಲ, ಅದು ಬಂದ ದಿನ ಅಪ್ಪನ ಫೋಟೋದ ಮುಂದೆ ಒಂದು ಗೊಂಚಲು ಇಟ್ಟಳು, ಪೇಪರಿನ ನಿನ್ನ ಮುಂದೆ ಒಂದು ಗೊಂಚಲು ಇಟ್ಟಳು, ಪೆಟ್ಟಿಗೆಯ ತಳದಲ್ಲಿ ಉದುರಿದ್ದ ಕಾಳುಗಳನ್ನು ತೊಳೆದು ನನಗೆ ಕೊಟ್ಟಳು. ಬದುಕಿರುವವನಿಗೆ ನೈವೇದ್ಯ ಹಿಡಿಯುತ್ತೀಯಲ್ಲ ಅವ್ವಾ ಎಂದರೆ ನನ್ನ ಮೇಲೇ ಸಿಟ್ಟು.

ನಾನು ಆ ಸುದ್ದಿಯನ್ನು ಓದಿದೆ ಶಿವು. ಒಂದು ಸಲವಲ್ಲ. ಅದರಲ್ಲಿ ನಿನ್ನ ಹೆಸರು ನಾಲ್ಕು ಕಡೆ ಇದೆ, ಅಪ್ಪನ ಹೆಸರು ಒಂದು ಕಡೆ ಇದೆ. ಕೊನೆಯಲ್ಲಿ ಬರೆದಿದ್ದಾರೆ, ಈ ತರುಣ ಕಲ್ಲು ಕೂರಿಸುವುದಷ್ಟೇ ಅಲ್ಲ, ಹಳೆಯ ಪದ್ಧತಿಯ ಸುಣ್ಣವನ್ನೂ ತಾನೇ ತಯಾರಿಸುತ್ತಾನೆ ಎಂದು. ತಾನೇ! ನೀನು ಹಾಗೆ ಹೇಳಿರಲಿಕ್ಕಿಲ್ಲ, ನನಗೆ ಗೊತ್ತು. ಆದರೆ ಹಾಗಲ್ಲ ಎಂದೂ ಹೇಳಿಲ್ಲ. ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಗುಂಡಿ ಕುದಿಯುತ್ತದಲ್ಲ, ಅದನ್ನು ಓದಿದಾಗ ನಾನೂ ಹಾಗೇ ಕುದಿದೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಇದನ್ನು ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿಲ್ಲ, ನಿನಗೇ ಮೊದಲು ಹೇಳುತ್ತಿದ್ದೇನೆ. ಅಕ್ಕನಾದವಳು ಹೀಗೆ ಬರೆಯಬಾರದು ಎಂದೂ ಗೊತ್ತು.

ನೀನು ಹೋದ ಮೇಲೆ ಇಲ್ಲಿ ಕೆಲಸ ನಿಂತಿದೆ ಎಂದುಕೊಂಡಿದ್ದರೆ ತಪ್ಪು. ಕ್ರಾಂತಿ ಚೌಕದ ಹತ್ತಿರ ಕುಂದಾಪುರದ ದೇವದಾಸಣ್ಣನ ಶಾಕಾಹಾರಿ ಹೋಟೆಲ್ ಇದೆಯಲ್ಲ, ಆ ನೂರು ವರ್ಷದ ಕಲ್ಲು ಕಟ್ಟಡದ ಮುಂಭಾಗವನ್ನು ಡಿಸೆಂಬರಿನಲ್ಲಿ ನಾನೇ ಸರಿ ಮಾಡಿದೆ. ಹಿಂದೆ ಯಾರೋ ಗುತ್ತಿಗೆದಾರ ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟ್ ಮೆತ್ತಿ ಹೋಗಿದ್ದ. ಸಂದು ಉಸಿರು ಬಿಡದೆ ನೀರೆಲ್ಲ ಕಲ್ಲಿನೊಳಗೇ ಕೂತು, ಕಲ್ಲಿನ ಮೈ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತಿತ್ತು. ಕಸ್ತೂರಿಬಾಯಿಯನ್ನು ಕೈಯಾಳಾಗಿ ಜೊತೆಗೆ ಇಟ್ಟುಕೊಂಡು, ಸಣ್ಣ ಉಳಿಯಲ್ಲಿ ಬೆರಳುದ್ದ ಬೆರಳುದ್ದವಾಗಿ ಆ ಸಿಮೆಂಟ್ ಬಿಡಿಸಿದೆ. ಕಲ್ಲಿನ ಒಂದು ಮೂಲೆಯೂ ಮುರಿಯಲಿಲ್ಲ. ಸಂದು ತೊಳೆದು, ಗಾರೆ ತುಂಬಿ, ಬಿಸಿಲಿಗೆ ಬೇಗ ಒಣಗದಂತೆ ಒದ್ದೆ ಗೋಣಿತಟ್ಟು ಇಳಿಬಿಟ್ಟು, ಇಪ್ಪತ್ತೆರಡು ದಿನ ಹೋಟೆಲಿನ ಗಿರಾಕಿಗಳ ತಲೆಯ ಮೇಲೆ ಸಾರುವೆ ಕಟ್ಟಿಕೊಂಡು ಕೂತಿದ್ದೆ. ಗೋಣಿತಟ್ಟು ತೆಗೆದ ದಿನ ದೇವದಾಸಣ್ಣ ರಸ್ತೆಯ ಆಚೆ ನಿಂತು ನೋಡಿದ. ಅವನ ಹೆಂಡತಿ ಸುಗುಣಕ್ಕ ಕಾಫಿ ತಂದುಕೊಟ್ಟಳು. ದೇವದಾಸಣ್ಣ ಏನೆಂದ ಗೊತ್ತೇ? "ಎಂತ ಚಂದ ಆಯ್ತು ಮಾರಾಯ್ತಿ! ಶಿವಕಾಂತ ಬಂದು ಒಂದ್ಸಲ ಕೈ ಹಾಕಿದ್ರೆ ಇನ್ನೂ ಫಸ್ಟ್‌ಕ್ಲಾಸ್ ಆಗ್ತಿತ್ತು, ಅಲ್ವಾ?" ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಅಂದ. ಕಾಫಿ ಅರ್ಧಕ್ಕೆ ಬಿಟ್ಟು ಬಂದೆ. ಸುಗುಣಕ್ಕನ ಕಾಫಿಯನ್ನು ನಾನು ಅರ್ಧಕ್ಕೆ ಬಿಟ್ಟವಳಲ್ಲ.

ಅವರ ಮಗಳು, ನಿನ್ನ ಸೈಟಿನ ಶ್ರೀಜಾ ಮೇಡಂ, ಅವಳ ವಿಷಯ ಹೇಳದಿದ್ದರೇ ಒಳ್ಳೆಯದು, ಆದರೆ ಹೇಳುತ್ತೇನೆ. ಹಳೆಯ ಕಟ್ಟಡಗಳ ವಿದ್ಯೆ ಓದಿ ಬಂದ ಹೊಸತರಲ್ಲಿ ನಮ್ಮ ಹಿತ್ತಲಿಗೆ ಬಂದು ಎಂಟು ದಿನ ಕೂತಿದ್ದಳು. ಅಪ್ಪ ಆಗಲೇ ಹಾಸಿಗೆ ಹಿಡಿದಿದ್ದ. ಎಂಟು ದಿನವೂ ಅವಳ ಜೊತೆ ಕೂತವಳು ನಾನು. ಸುಟ್ಟ ಕಲ್ಲನ್ನು ಗುಂಡಿಗೆ ಹೇಗೆ ಇಳಿಸುವುದು, ಕುದಿ ಬಂದಾಗ ಎಷ್ಟು ದೂರ ನಿಲ್ಲುವುದು, ಅರಳಿದ ಸುಣ್ಣದ ಮೇಲೆ ನೀರು ಯಾವಾಗಲೂ ನಾಲ್ಕು ಬೆರಳು ಯಾಕೆ ನಿಂತಿರಬೇಕು, ಗಾರೆಗೆ ಬೆಲ್ಲದ ನೀರು ಎಷ್ಟು, ಬಿಲ್ವಕಾಯಿಯ ತಿರುಳು ಎಷ್ಟು, ಎಲ್ಲ ಹೇಳಿಕೊಟ್ಟೆ. ಅವಳು ಎಲ್ಲವನ್ನೂ ಒಂದು ನೀಲಿ ಪುಸ್ತಕದಲ್ಲಿ ಬರೆದುಕೊಂಡಳು. ಹೊಸ ಗುಂಡಿಗೆ ಹಳೆಯ ಗುಂಡಿಯಿಂದ ಒಂದು ಬೊಗಸೆ ಸುಣ್ಣ ಹಾಕುವುದು ನಮ್ಮ ಮನೆತನದ ರೂಢಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಎಂದರೆ, ಅದಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ ಎಂದು ನಕ್ಕಳು, ಆದರೂ ಬರೆದುಕೊಂಡಳು. ಆಮೇಲೆ ನಾಶಿಕದಲ್ಲಿ ನದಿ ದಂಡೆಯ ಹಳೆಯ ವಾಡೆಯ ಕೆಲಸ ಸಿಕ್ಕಿತು, ಅಲ್ಲಿನ ಮುಂದಿನ ಕುಂಭಮೇಳದೊಳಗೆ ಮುಗಿಸಬೇಕು ಎಂದು ಮನೆಗೆ ಬಂದಳು. ನಿನ್ನನ್ನು ಕರೆದಳು. ಕರೆದಿದ್ದರೆ ನಾನು ಅವ್ವನನ್ನು, ಮಾನ್ಯಾಳನ್ನು ಬಿಟ್ಟು ಹೋಗುತ್ತಿದ್ದೆನೋ ಇಲ್ಲವೋ ಅದು ಬೇರೆ ಮಾತು. ನನ್ನನ್ನು ಕರೆಯಲೇ ಇಲ್ಲ. ಅವತ್ತು ನಾನೇ ಅವಳಿಗೆ ಅವಲಕ್ಕಿ ಮಾಡಿಕೊಟ್ಟೆ.

ನೀನು ಕಲ್ಲಿನ ಕೆಲಸ ಬಲ್ಲೆ, ಅದರಲ್ಲಿ ಎರಡು ಮಾತಿಲ್ಲ. ತೂಗುಗುಂಡು ಇಳಿಬಿಡದೆ ಬರಿಗಣ್ಣಿನಲ್ಲಿ ಕಲ್ಲು ನೇರ ಕೂರಿಸುತ್ತೀಯ, ಆ ಕಣ್ಣು ನನಗಿಲ್ಲ. ಆದರೆ ಸುಣ್ಣ ನಿನಗೆ ಗೊತ್ತಿಲ್ಲ ಶಿವು. ಅಪ್ಪ ನಮ್ಮಿಬ್ಬರನ್ನು ಪರೀಕ್ಷೆ ಮಾಡುತ್ತಿದ್ದದ್ದು ನೆನಪು ಮಾಡಿಕೋ. ಎರಡು ಗುಂಡಿಯಿಂದ ಎರಡು ಚಿಟಿಕೆ ಸುಣ್ಣ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಿವಿಯ ಹತ್ತಿರ ತಂದು ಉಜ್ಜಿ ಕೇಳಬೇಕು. ಹಣ್ಣಾದ ಸುಣ್ಣ ಸದ್ದು ಮಾಡುವುದಿಲ್ಲ. ಹಸಿ ಸುಣ್ಣದಲ್ಲಿ ಅರಳದೆ ಉಳಿದ ನುಚ್ಚು ಸಣ್ಣಗೆ ಕರ್ ಎನ್ನುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಕ್ಕುವುದಿಲ್ಲ. ನಾನು ಪ್ರತಿ ಸಲ ಸರಿ ಹೇಳುತ್ತಿದ್ದೆ. ನೀನೂ ಪ್ರತಿ ಸಲ ಸರಿ ಹೇಳುತ್ತಿದ್ದೆ. ಹೇಗೆ ಎಂದು ನನಗೆ ಹದಿಮೂರನೆಯ ವಯಸ್ಸಿನಲ್ಲೇ ತಿಳಿದಿತ್ತು. ನೀನು ಸುಣ್ಣ ಉಜ್ಜುವಾಗ ಕಿವಿಗೊಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದೆ. ಹಸಿಯಾಗಿದ್ದರೆ ನನ್ನ ಮೂಗು ತಾನಾಗಿ ಮುದುಡುತ್ತಿತ್ತು, ಅದನ್ನು ನೋಡಿ ನೀನು "ಇದು ಹಸಿ ಅದ ಅಪ್ಪಾ" ಎನ್ನುತ್ತಿದ್ದೆ. ಅಪ್ಪ ನಿನ್ನ ಬೆನ್ನು ತಟ್ಟುತ್ತಿದ್ದ. ನಾನು ಅಪ್ಪನಿಗೆ ಹೇಳಲಿಲ್ಲ. ಆಗ ನಿನ್ನ ಮೇಲೆ ಪ್ರೀತಿ ಜಾಸ್ತಿ ಇತ್ತು, ನಿನ್ನ ಹಲ್ಲು ಬೇರೆ ಬಿದ್ದಿತ್ತು, ಪಾಪ ಎನಿಸುತ್ತಿತ್ತು.

ಕರಣಿ ಕೊಟ್ಟ ದಿನವೂ ಹಾಗೇ ಸುಮ್ಮನಿದ್ದೆ. ಅಪ್ಪ ಭಾಲ್ಕಿಯಿಂದ ಈ ಊರಿಗೆ ಬಂದು, ಇಲ್ಲಿನ ಹಳೆಯ ಕೋಟೆ ದರವಾಜೆಗಳ ಕಲ್ಲು ಸರಿ ಮಾಡುತ್ತ ಮುದುಕನಾದವನು, ಆ ಕರಣಿಯ ಹಿಡಿಯಲ್ಲಿ ಅವನ ಹೆಬ್ಬೆರಳಿನ ಗುಳಿ ಇತ್ತು. ಅದನ್ನು ಎಲ್ಲರ ಮುಂದೆ ನಿನ್ನ ಕೈಯಲ್ಲಿಟ್ಟ. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕಡೆ ತಿರುಗಿ "ಗುಂಡಿ ನಿಂದು ಮಾಲಾ, ನೀರು ಆರಗೊಡಬ್ಯಾಡ" ಎಂದ. ನಿನಗೆ ಊರೂರು ತಿರುಗುವ ಕರಣಿ, ನನಗೆ ಹಿತ್ತಲಿನ ಕೆಸರು. ಅವತ್ತು ಮಧ್ಯಾಹ್ನ ಹೋಳಿಗೆ ಊಟ ಮಾಡಿದೆವು, ನೀನು ನಾಲ್ಕು ತಿಂದೆ, ನನ್ನ ಪಾಲಿನದನ್ನೂ ನಾನು ನಿನ್ನ ತಟ್ಟೆಗೇ ಹಾಕಿದೆ.

ಆ ಗುಂಡಿ ಅವನು ತನ್ನ ಕೈಯಾರೆ ಅರಳಿಸಿದ ಕೊನೆಯ ಗುಂಡಿ. ಸುಣ್ಣದ ಕಲ್ಲು ನೀರಿಗೆ ಇಳಿಸುವಾಗ ಅವನಿಗೆ ನಿಲ್ಲಲೂ ಆಗುತ್ತಿರಲಿಲ್ಲ, ನಾನು ಸೊಂಟ ಹಿಡಿದುಕೊಂಡಿದ್ದೆ. "ಎರಡು ದೀಪಾವಳಿ ದಾಟೂತನಾ ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದ. ಏಳು ತಿಂಗಳಿಗೆ ಅವನು ಹೋದ. ಎರಡು ದೀಪಾವಳಿಯೂ ದಾಟಿತು. ಅಷ್ಟು ದಿನವೂ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಆ ಗುಂಡಿಗೆ ಒಂದು ಕೊಡ ನೀರು ಹಾಕಿದ್ದು ಯಾರು ಎಂದು ಕೇಳುವ ಪೇಪರ್ ಇಲ್ಲ. ಹೋದ ಬೇಸಿಗೆಯಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿದ್ದಾಗ ನಾವು ಸ್ನಾನ ಬಿಟ್ಟಿದ್ದೇವೆ, ಗುಂಡಿಯ ನೀರು ಬಿಟ್ಟಿಲ್ಲ. ನಿನ್ನ ಮಾಮಾ ಬೆವರಿನ ಅಂಗಿಯಲ್ಲೇ ಪಾಳಿಗೆ ಹೋಗುತ್ತಿದ್ದರು.

ಈ ಪೇಪರಿನ ಸಂಭ್ರಮ ಮುಗಿಯುವ ಮೊದಲೇ, ನಾಲ್ಕೇ ದಿನಕ್ಕೆ, ನಿನ್ನ ಫೋನ್ ಬಂತು. ವಾಡೆಯ ಹೆಬ್ಬಾಗಿಲ ಕಮಾನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೀರಿ, ಹತ್ತನೆಯ ತಾರೀಖು ಸೋಮವಾರ ಕಲ್ಲು ಏರಿಸಲು ಶುರು, ಆ ಕಮಾನು ನೆಟ್ಟಗೆ ನಿಂತರೆ ಮುಂದೆ ನದಿಯ ಘಾಟಿನ ಮೆಟ್ಟಿಲು, ದೀಪಮಾಲೆಯ ಕಂಬ, ಎಲ್ಲ ಕೆಲಸಕ್ಕೂ ನಿನ್ನನ್ನೇ ಮುಖ್ಯ ಮೇಸ್ತ್ರಿ ಮಾಡುವುದಾಗಿ ಮೇಡಂ ಹೇಳಿದ್ದಾಳೆ ಎಂದೆ. ಅದಕ್ಕೆ ಬೇರೆ ಸುಣ್ಣ ಬೇಡ, ಅಪ್ಪನ ಗುಂಡಿಯದೇ ಕಳಿಸು ಎಂದೆ. ಆಜ್ಞೆ ಮಾಡಿದ ಹಾಗಿತ್ತು. "ಅಪ್ಪನ ಸುಣ್ಣ, ಅಪ್ಪನ ಕರಣಿ, ಎರಡೂ ಕೂಡಿದಂಗ ಆಗ್ತದ ಅಕ್ಕಾ" ಎಂದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ. ನಾನು ಹೂಂ ಎಂದೆ. ಹೋದ ಶನಿವಾರ ಚನಬಸಪ್ಪಣ್ಣನ ಟೆಂಪೋದಲ್ಲಿ ನಾಲ್ಕು ಡ್ರಮ್ ಕಳಿಸಿದೆ.

ಬುಧವಾರ ನೀನು ಮತ್ತೆ ಫೋನ್ ಮಾಡಿದೆ. ಅವತ್ತು ಸ್ಪೀಕರ್ ಹಾಕಿರಲಿಲ್ಲ. ಡ್ರಮ್ಮಿನ ಮುಚ್ಚಳ ತೆಗೆದೆ, ಬೆಣ್ಣೆಯ ಹಾಗಿದೆ ಎಂದೆ. "ಬೆರಳಾಗ ಹಿಡದ ಕೂಡಲೆ ಅಪ್ಪನ ಕೈ ಹಿಡದಂಗ ಆತು ಅಕ್ಕಾ" ಎಂದು ಅತ್ತೆ. ನೀನು ಅಪ್ಪ ಹೋದ ದಿನ ಕೂಡ ಅತ್ತವನಲ್ಲ. ನಾನು "ಆತು, ಇಡು ಫೋನ್, ಒಲಿ ಮ್ಯಾಲ ಹಾಲು ಅದ" ಎಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲು ಇರಲಿಲ್ಲ. ಆಮೇಲೆ ಬಹಳ ಹೊತ್ತು ಗುಂಡಿಯ ಕಟ್ಟೆಯ ಮೇಲೆ ಕೂತಿದ್ದೆ. ಅವ್ವ ಬಂದು ಯಾಕೆ ಹೀಗೆ ಕೂತಿದ್ದೀ ಎಂದಳು, ಕಾಲು ನೋವು ಎಂದೆ.

ಅಪ್ಪ ಒಂದು ಬಟ್ಟೆ ಅಂಗಡಿಯ ಕತೆ ಹೇಳುತ್ತಿದ್ದನಲ್ಲ, ಯಾಕೋ ಎರಡು ದಿನದಿಂದ ಅದೇ ನೆನಪಾಗುತ್ತಿದೆ. ಅವನು ಈ ಊರಿಗೆ ಬಂದ ಹೊಸತು. ಅಂಗಡಿಯವನಿಗೆ ಹಬ್ಬದೊಳಗೆ ಮುಂಭಾಗ ಮುಗಿಯಬೇಕಿತ್ತು. ಅಪ್ಪನಿಗೂ ಹೆಸರು ಮಾಡುವ ಅವಸರ, ತಿಂಗಳೂ ತುಂಬದ ಸುಣ್ಣವನ್ನು ಗೋಡೆಗೆ ಹಚ್ಚಿಬಿಟ್ಟ. ಹಚ್ಚಿದ ದಿನ ಎಲ್ಲರೂ ಹೊಗಳಿದರು. ಒಂದೂವರೆ ತಿಂಗಳಾದ ಮೇಲೆ ಒಳಗೆ ಉಳಿದಿದ್ದ ನುಚ್ಚು ಒಂದೊಂದಾಗಿ ಅರಳಲು ಶುರುವಾಯಿತು. ಗೋಡೆಗೆ ಮೈಲಿ ಎದ್ದ ಹಾಗೆ ಗುಳ್ಳೆ, ಸಂದಿನಿಂದ ಗಾರೆ ಪಟಪಟ ಸಿಡಿದು ಗಿರಾಕಿಗಳ ತಲೆಯ ಮೇಲೆ. ಅಪ್ಪ ಅಷ್ಟೂ ಗೋಡೆಯನ್ನು ತಾನೇ ಕಿತ್ತು, ಮುಂದಿನ ವರ್ಷ ತಾನೇ ಕಟ್ಟಿಕೊಟ್ಟ. ನಡುವೆ ಆ ಒಂದು ವರ್ಷ ಆ ರಸ್ತೆಯಲ್ಲಿ ನಡೆಯುತ್ತಿರಲಿಲ್ಲವಂತೆ, ಸುತ್ತು ಬಳಸಿ ಹೋಗುತ್ತಿದ್ದನಂತೆ. ಅದು ಬರೀ ಗೋಡೆ. ಕಮಾನಿನಲ್ಲಾದರೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಆ ಕತೆ ಹೇಳುವಾಗ ಅಪ್ಪ ನಗುತ್ತಿದ್ದ, ಆದರೆ ಕಣ್ಣು ನಗುತ್ತಿರಲಿಲ್ಲ.

ಏನೋ ಬರೆಯಬೇಕೆಂದು ಕೂತವಳು ಊರ ಸುದ್ದಿಯೆಲ್ಲ ಬರೆದೆ. ಬರೆಯಬೇಕಾದ್ದು ಇನ್ನೂ ಪೆನ್ನಿನಲ್ಲೇ ಉಳಿದಿದೆ. ಅವ್ವ ಒಳಗಿನಿಂದ ಕೂಗುತ್ತಿದ್ದಾಳೆ, ಶಿವುಗೆ ಬರೆಯುತ್ತಿದ್ದರೆ ನಾನೂ ಕ್ಷೇಮ ಕೇಳಿದೆ ಎಂದು ಬರಿ, ತುಪ್ಪ ಬೇಕೇ ಕೇಳು ಎಂದು. ನನಗೆ ಅವಳು ಹೀಗೆ ಯಾರಿಂದಲೂ ಕಾಗದ ಬರೆಸಲಿಲ್ಲ, ಯಾಕೆಂದರೆ ನಾನು ಯಾವತ್ತೂ ದೂರ ಹೋಗಲಿಲ್ಲ. ಇದನ್ನು ಓದಿ ಮುಖ ಸಣ್ಣ ಮಾಡಿಕೊಳ್ಳಬೇಡ. ನೀನು ಹುಟ್ಟಿದ ದಿನ ಓಣಿಗೆಲ್ಲ ಸಕ್ಕರೆ ಹಂಚಿದವಳು ನಾನೇ, ಏಳು ವರ್ಷದವಳಿದ್ದೆ. ಆಗಲೂ ಅರ್ಧ ಸಕ್ಕರೆ ನನ್ನ ಬಾಯಿಗೇ ಹೋಗಿತ್ತು.

ಅವ್ವನ ಹರಕೆ, ನಿನ್ನ ಮಾಮಾನ ನೆನಪು, ಮಾನ್ಯಾಳ "ಶಿವು ಮಾಮಾ, ದ್ರಾಕ್ಷಿ ಆಣಖೀ ಪಾಠವಾ" ಎಂದು ಇನ್ನಷ್ಟು ದ್ರಾಕ್ಷಿಯ ಬೇಡಿಕೆ, ಎಲ್ಲವನ್ನೂ ಈ ಕಾಗದಕ್ಕೆ ಸೇರಿಸಿದ್ದೇನೆ. ಶ್ರೀಜಾ ಮೇಡಂಗೆ ನಮಸ್ಕಾರ ಹೇಳಬೇಕೆಂದಿದ್ದರೆ ಹೇಳು, ಇಲ್ಲದಿದ್ದರೆ ಇಲ್ಲ. ಬಸವಣ್ಣ ನಿನ್ನ ಕೈಯನ್ನೂ ಎದೆಯನ್ನೂ ಗಟ್ಟಿಯಾಗಿ ಇಟ್ಟಿರಲಿ. ಮೂಗಿಗೆ ಬಟ್ಟೆ ಕಟ್ಟಿಕೋ.

ನಿನ್ನ ಅಕ್ಕ,
ಜಯಮಾಲಾ

ತಾ.ಕ.: ಶನಿವಾರ ಬೆಳಿಗ್ಗೆ. ಚನಬಸಪ್ಪಣ್ಣ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಕೈ ಒದ್ದೆ ಇದೆ, ಅಕ್ಷರ ಸೊಟ್ಟ ಬಂದರೆ ಬೈಯಬೇಡ. ಹೋದ ವಾರ ಕಳಿಸಿದ ನಾಲ್ಕು ಡ್ರಮ್ ಅಪ್ಪನ ಗುಂಡಿಯದಲ್ಲ. ಆಚೆಯ ಹೊಸ ಗುಂಡಿಯದು, ಹದಿನೆಂಟು ದಿನದ ಸುಣ್ಣ. ತಪ್ಪಿ ಹೋದದ್ದಲ್ಲ, ಗೊತ್ತಿದ್ದೇ ತುಂಬಿದೆ. ತಾನೇ ತಯಾರಿಸುತ್ತಾನಂತಲ್ಲ, ಗೊತ್ತು ಹಚ್ಚಲಿ ನೋಡೋಣ ಎಂದು ತುಂಬಿದೆ. ನೀನು ಗೊತ್ತು ಹಚ್ಚಲಿಲ್ಲ. ಬುಧವಾರ ನೀನು ಬೆಣ್ಣೆ ಎಂದಾಗ ಒಂದು ಗಳಿಗೆ ನನಗೆ ಖುಷಿಯಾಯಿತು, ನೀನು ಅತ್ತಾಗ ಹಾಲಿನ ಸುಳ್ಳು ಹೇಳಿ ಫೋನ್ ಇಟ್ಟೆ. ಎರಡು ದಿನ ಫೋನ್ ಕೈಯಲ್ಲಿ ಹಿಡಿದೆ, ಬಾಯಿ ಬರಲಿಲ್ಲ. ಆ ಡ್ರಮ್ಮುಗಳಿಗೆ ಸೋಮವಾರ ಕೈ ಹಚ್ಚಬೇಡ, ಹೊಸ ಗುಂಡಿಗೇ ತಿರುಗಿ ಸುರಿಯುತ್ತೇನೆ, ಚನಬಸಪ್ಪಣ್ಣನ ಟೆಂಪೋದಲ್ಲೇ ವಾಪಸು ಕಳಿಸು. ಇಂದು ಬೆಳಕು ಹರಿಯುವಾಗ ಅಪ್ಪನ ಗುಂಡಿ ತೆಗೆದೆ. ನಾಲ್ಕು ಡ್ರಮ್ ತುಂಬಿ ಇದರ ಜೊತೆ ಕಳಿಸುತ್ತಿದ್ದೇನೆ, ಮುಚ್ಚಳಕ್ಕೆ ನನ್ನ ಹಸಿರು ಸೀರೆಯ ಚಿಂದಿ ಕಟ್ಟಿದೆ, ಅದೇ ಗುರುತು. ಹಚ್ಚುವ ಮೊದಲು ಕಿವಿಯ ಹತ್ತಿರ ಹಿಡಿದು ಉಜ್ಜಿ ಕೇಳು, ಎರಡನ್ನೂ ಉಜ್ಜಿ ಕೇಳು, ಈ ಸಲ ನೋಡಲು ನನ್ನ ಮುಖ ಸಿಗುವುದಿಲ್ಲ. ಒಂದು ಮಡಕೆಯಷ್ಟು ನಾನು ಇಟ್ಟುಕೊಂಡಿದ್ದೇನೆ, ಮುಂದಿನ ಗುಂಡಿಗೆ ಹೆಪ್ಪು, ಅದನ್ನು ಕೇಳಬೇಡ. ಕಮಾನು ನಿಂತ ಮೇಲೆ ಯಾರ ಸುಣ್ಣ ಎಂದು ಮೇಡಂ ಕೇಳಿದರೆ, ಪೇಪರಿನವರು ಬಂದು ಕೇಳಿದರೂ, ನಿನ್ನದು ಎನ್ನಬೇಡ. ಅಪ್ಪನದು ಎಂದೂ ಅನ್ನಬೇಡ. ನಮ್ಮ ಅಕ್ಕನದು ಎನ್ನು.